ಅಡಿಕೆ ಸಂಘದ ಎಐ ಏಜೆಂಟಿಗೆ ಟೂಲ್‌ಗಳ ವಿವರಣೆ ಬರೆದ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಅಡಿಕೆ ಬೆಳೆಗಾರರ ಸಹಕಾರಿ ಸಂಘವೊಂದಕ್ಕೆ ನಾನು ಎಐ ಏಜೆಂಟೊಂದನ್ನು ಸಿದ್ಧಪಡಿಸಿಕೊಟ್ಟಿದ್ದೇನೆ. ಸದಸ್ಯರು ಕನ್ನಡದಲ್ಲಿ, ಮಲಯಾಳದಲ್ಲಿ ಅಥವಾ ಕನ್ನಡ ಲಿಪಿಯ ತುಳುವಿನಲ್ಲಿ ಕೇಳಿದ ಪ್ರಶ್ನೆಗೆ ಅದು ಸಂಘದ ದಾಖಲೆಗಳಿಂದ ಉತ್ತರ ಹುಡುಕಿ ಹೇಳುತ್ತದೆ. ಈ ಕೆಲಸದಲ್ಲಿ ಕೋಡ್ ಬರೆಯುವುದಕ್ಕಿಂತ ಹೆಚ್ಚಿನ ಶ್ರಮವನ್ನು ನಾನು ಪ್ರತಿ ಟೂಲ್‌ನ ವಿವರಣೆಗೆ ವ್ಯಯಿಸಿದೆ. ದರ ನೋಡುವುದು, ಲೆಕ್ಕ ಹಾಕುವುದು ಮುಂತಾದ ಒಂದೊಂದು ಕೆಲಸಕ್ಕೆ ಏಜೆಂಟ್ ಕರೆಯುವ ಸಣ್ಣ ಪ್ರೋಗ್ರಾಮೇ ಟೂಲ್. ಟೂಲ್‌ನ ಒಳಗಿನ ಕೋಡ್, ಏಜೆಂಟನ್ನು ನಡೆಸುವ ಎಐ ಭಾಷಾ ಮಾದರಿಗೆ ಕಾಣುವುದಿಲ್ಲ. ಅದರ ಹೆಸರು, ವಿವರಣೆ, ತುಂಬಬೇಕಾದ ಅಂಕಣಗಳ ಪಟ್ಟಿ, ಇಷ್ಟನ್ನೇ ಓದಿಕೊಂಡು ಯಾವುದನ್ನು ಕರೆಯಬೇಕು, ಅದಕ್ಕೆ ಏನನ್ನು ಕೊಡಬೇಕು ಎಂದು ಅದು ನಿರ್ಧರಿಸುತ್ತದೆ. ಸಂಘದ ಗುಮಾಸ್ತರಿಗೆ ಹೇಳದೆಯೇ ತಿಳಿದಿರುವ ಸಂಗತಿಗಳನ್ನೆಲ್ಲ ಇಲ್ಲಿ ಬರೆದೇ ತಿಳಿಸಬೇಕು.

ಧಾರಣೆಯ ಟೂಲನ್ನು ನೋಡಿ. 'ಅಡಿಕೆಯ ಬೆಲೆಯನ್ನು ಕೊಡುತ್ತದೆ' ಎಂಬ ಒಂದು ಸಾಲು ಪ್ರೋಗ್ರಾಮರನಿಗೆ ಸಾಕಾಗಬಹುದು, ಏಜೆಂಟಿಗೆ ಸಾಲದು. ನಮ್ಮ ಸಂಘ ಕಿಲೋಗೆ ಇಂತಿಷ್ಟು ಎಂದು ದರ ಹೇಳುತ್ತದೆ, ಗಡಿಯಾಚೆಗಿನ ಕರ್ನಾಟಕದ ಎಪಿಎಂಸಿ ವರದಿಗಳಲ್ಲಿ ದರ ಕ್ವಿಂಟಾಲಿಗೆ ಇರುತ್ತದೆ, ಸದಸ್ಯರು ಎರಡನ್ನೂ ಹೋಲಿಸಿ ಕೇಳುತ್ತಾರೆ. ಹಾಗಾಗಿ ಬರುವ ಬೆಲೆ ಕಿಲೋ ಒಂದಕ್ಕೆ ರೂಪಾಯಿಯಲ್ಲಿದೆ ಎಂದು ವಿವರಣೆಯಲ್ಲಿ ಬರೆದುದಲ್ಲದೆ, ಟೂಲ್ ಮರಳಿಸುವ ಉತ್ತರದಲ್ಲಿಯೂ ಅಳತೆಯ ಮಾನವನ್ನು ಸೇರಿಸಿದೆ. ರಜಾದಿನದಲ್ಲಿ ಹಿಂದಿನ ಖರೀದಿ ದಿನದ ದರವೇ ಬರುವುದರಿಂದ, ಆ ದಿನಾಂಕವನ್ನು ಸದಸ್ಯರಿಗೆ ಹೇಳತಕ್ಕದ್ದು ಎಂಬ ವಾಕ್ಯವೂ ಅಲ್ಲಿದೆ. ದರ್ಜೆಯ ಅಂಕಣವನ್ನು ಮುಕ್ತವಾಗಿ ಬಿಡದೆ ಹೊಸ ಅಡಿಕೆ, ಹಳೆ ಅಡಿಕೆ, ಡಬ್ಬಲ್ ಚೋಲ್, ಪಟೋರ, ಉಳ್ಳಿ, ಕರಿಗೋಟು ಎಂಬ ನಿಗದಿತ ಪಟ್ಟಿಗೆ ಕಟ್ಟಿಹಾಕಿದೆ. ಹೊಸದು, ಹಳೆಯದು ಎಂಬುದು ಸದಸ್ಯರ ಊಹೆಯನ್ನಲ್ಲ, ಸಂಘವು ಆ ವರ್ಷದ ಬೆಳೆಯನ್ನು ವಿಂಗಡಿಸಿರುವ ರೀತಿಯನ್ನು ಅವಲಂಬಿಸಿದೆಯಾದ್ದರಿಂದ, ದರ್ಜೆ ಹೇಳದೆ 'ಅಡಿಕೆಗೆ ಎಷ್ಟು?' ಎಂದಷ್ಟೇ ಕೇಳಿದವರಿಗೆ ಒಂದನ್ನು ತಾನೇ ಆರಿಸಿಕೊಳ್ಳದೆ ಎರಡರ ದರವನ್ನೂ ತಿಳಿಸುವಂತೆ ಬರೆದಿದ್ದೇನೆ.

ಅತ್ಯಂತ ಹೆಚ್ಚು ಯೋಚನೆ ಬೇಡಿದ್ದು ಮದ್ದು ಬಿಡುವ ಲೆಕ್ಕದ ಟೂಲ್. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಪ್ರಮಾಣ ಇಲ್ಲಿನ ಕೃಷಿಕರಿಗೆಲ್ಲ ತಿಳಿದದ್ದೇ. ಅವರು ಕೇಳುವುದು ತಮ್ಮ ತೋಟಕ್ಕೆ ಒಟ್ಟು ಎಷ್ಟು ಬೇಕು ಎಂಬುದನ್ನು. ಎಕರೆ ಅಥವಾ ಸೆಂಟ್ಸ್ ಲೆಕ್ಕವನ್ನು ಮಾತ್ರ ಹೇಳಿದರೆ ಮಾದರಿಯು ಪುಸ್ತಕದ 2.7 ಮೀಟರ್ ಅಂತರವನ್ನು ಹಿಡಿದು ಎಕರೆಗೆ ಸುಮಾರು 555 ಮರಗಳೆಂದು ತಾನೇ ಗುಣಿಸಿಬಿಡುತ್ತದೆ. ಗುಣಾಕಾರ ಸರಿಯೇ, ಆದರೆ ಇಲ್ಲಿಯ ಹಳೆಯ ತೋಟಗಳಲ್ಲಿ ತೆಂಗು, ಕೊಕ್ಕೋ, ಬಾಳೆ ನಡುನಡುವೆ ಇರುವುದರಿಂದ ಆ ಸಂಖ್ಯೆ ನಿಜವಾದ ತೋಟಕ್ಕೆ ಹೊಂದುವುದಿಲ್ಲ. ಆದ್ದರಿಂದ ಆ ಅಂಕಣದ ವಿವರಣೆ ಹೀಗಿದೆ: 'ಫಲ ಕೊಡುವ ಅಡಿಕೆ ಮರಗಳ ಸಂಖ್ಯೆ, ಸದಸ್ಯರು ಹೇಳಿದಂತೆ. ವಿಸ್ತೀರ್ಣದಿಂದ ಲೆಕ್ಕ ಹಾಕಬಾರದು. ಸಂಖ್ಯೆ ಹೇಳದಿದ್ದರೆ ಕೇಳಿ ತಿಳಿದ ಮೇಲೆಯೇ ಈ ಟೂಲನ್ನು ಕರೆಯಬೇಕು.' ಏನು ಮಾಡಬಾರದು ಎಂಬುದರ ಜೊತೆಗೆ, ಬದಲಿಗೆ ಏನು ಮಾಡಬೇಕು ಎಂಬುದನ್ನೂ ಬರೆಯುವುದು ಅಗತ್ಯವೆಂದು ನಾನು ದೃಢವಾಗಿ ನಂಬಿದ್ದೇನೆ. ಬರಿಯ ನಿಷೇಧವನ್ನು ಓದಿದ ಮಾದರಿ ಇನ್ನೊಂದು ಊಹೆಯತ್ತ ಹೊರಳುತ್ತದೆ.

ಇದೇ ಕಾರಣಕ್ಕೆ, ಒಂದನ್ನೊಂದು ಹೋಲುವ ಟೂಲ್‌ಗಳ ವಿವರಣೆಯಲ್ಲಿ ಪರಸ್ಪರ ಗಡಿಯನ್ನು ಹೆಸರು ಹೇಳಿಯೇ ಗುರುತಿಸಿದೆ. ಸದಸ್ಯರ ಬಾಕಿ ಸಾಲವನ್ನು ತೋರಿಸುವುದು ಒಂದು, ಅಡಿಕೆ ಮಾರಿದ ಹಣದ ಪಾವತಿಯನ್ನು ತೋರಿಸುವುದು ಇನ್ನೊಂದು, 'ನನ್ನ ಹಣ ಎಷ್ಟಿದೆ' ಎಂಬ ಪ್ರಶ್ನೆ ಎರಡಕ್ಕೂ ಸಲ್ಲುತ್ತದೆ. ಮದ್ದು ಬಿಡುವ ತಂಡವನ್ನು ಕಾದಿರಿಸುವ ಟೂಲ್ ದಾಖಲೆಯನ್ನು ಬದಲಿಸುವಂಥದ್ದಾದ್ದರಿಂದ, ದಿನ ಮತ್ತು ತೋಟದ ವಿವರವನ್ನು ಓದಿ ಹೇಳಿ ಸದಸ್ಯರ ಒಪ್ಪಿಗೆ ಪಡೆಯದೆ ಕರೆಯಕೂಡದೆಂದು ಮೊದಲ ವಾಕ್ಯದಲ್ಲಿಯೇ ಬರೆದೆ. ಆ ಒಪ್ಪಿಗೆಯನ್ನು ಕೋಡ್ ಕೂಡ ಪ್ರತ್ಯೇಕವಾಗಿ ಪರಿಶೀಲಿಸುತ್ತದೆ, ಏಕೆಂದರೆ ವಿವರಣೆ ದಾರಿ ತೋರಬಲ್ಲದೇ ಹೊರತು ತಡೆಯಲಾರದು.

ದೋಷಸಂದೇಶವೂ ವಿವರಣೆಯ ಮುಂದುವರಿಕೆಯೇ. 'ತಪ್ಪು ಇನ್‌ಪುಟ್' ಎನ್ನುವ ಬದಲು 'ಈ ಸದಸ್ಯತ್ವ ಸಂಖ್ಯೆ ದಾಖಲೆಯಲ್ಲಿಲ್ಲ; ಪಾಸ್‌ಬುಕ್ಕಿನ ಮೊದಲ ಪುಟದಲ್ಲಿರುವ ಸಂಖ್ಯೆಯನ್ನು ಕೇಳಿ' ಎಂದು ಟೂಲ್ ಹೇಳಿದರೆ, ಏಜೆಂಟ್ ಅದೇ ಸಂಖ್ಯೆಯನ್ನು ಮತ್ತೆ ಮತ್ತೆ ಕಳುಹಿಸುವುದು ನಿಲ್ಲುತ್ತದೆ.

ಪರೀಕ್ಷೆಗೆ ಸದಸ್ಯರು ನಿಜವಾಗಿ ಕೇಳಿದ ಪ್ರಶ್ನೆಗಳನ್ನೇ, ಹೆಸರು ಮತ್ತು ಖಾತೆಯ ವಿವರ ತೆಗೆದು, ಬಳಸಿಕೊಂಡೆ. ಉತ್ತರ ಚೆನ್ನಾಗಿದೆಯೇ ಎಂಬುದಕ್ಕಿಂತ ಮೊದಲು ಯಾವ ಟೂಲ್ ಕರೆಯಲಾಯಿತು, ಯಾವ ಅಂಕಣದಲ್ಲಿ ಏನು ತುಂಬಿತು ಎಂಬುದನ್ನು ನೋಡಿದೆ, ಒಂದು ಸಲಕ್ಕೆ ಒಂದೇ ವಾಕ್ಯವನ್ನು ಬದಲಿಸಿದೆ. ಕೆಲವು ಪ್ರಶ್ನೆಗಳನ್ನು ತಿದ್ದುವಾಗ ಬಳಸದೆ ಕೊನೆಯ ಪರಿಶೀಲನೆಗೆಂದೇ ಬದಿಗಿಟ್ಟಿದ್ದೆ. ವಿವರಣೆಗಳನ್ನು ಕೋಡ್ ಇರುವ ಕಡತದಲ್ಲಿಯೇ ಇರಿಸಿರುವುದರಿಂದ, ಸಂಘವು ದರ್ಜೆಯ ವಿಂಗಡಣೆಯನ್ನು ಬದಲಿಸಿದಾಗ ಎರಡನ್ನೂ ಒಟ್ಟಿಗೆ ತಿದ್ದಿ, ಖರೀದಿ ವಿಭಾಗದ ಗುಮಾಸ್ತರಿಗೆ ಓದಿ ಹೇಳಿ, ಅವರು ಸರಿಯೆಂದ ಮೇಲೆಯೇ ಬಳಕೆಗೆ ಬಿಡುತ್ತೇನೆ.