ಕಾರಿನ ಅಸಲಿ ಬಣ್ಣ ಯಾವುದು? ಬಾನೆಟ್ ನೋಡಿ ಹೇಳಬೇಡಿ

ಚಿಕ್ಕಪ್ಪನ ಹಳೆಯ ಮಾರುತಿ 800 ಗೇಟಿಗೆ ತಾಗಿ ಎಡಬಾಗಿಲು ತಗ್ಗಾಗಿತ್ತು. ಟಿಂಕರಿಂಗ್ ಮಾಡಿಸಿ ಪೇಂಟಿಗೆ ಬಿಟ್ಟೆವು. ‘ಬಿಳೀದು ತಾನೇ ಸಾರ್, ನಮ್ಮಲ್ಲೇ ಇದೆ’ ಅಂದರು ಪೇಂಟರ್. ಗ್ಯಾರೇಜಿನ ಟ್ಯೂಬ್‌ಲೈಟಿನಲ್ಲಿ ಏನೂ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ತೀರ್ಥಹಳ್ಳಿಯ ಮನೆಯಂಗಳದಲ್ಲಿ ನೋಡಿದರೆ ಬಾಗಿಲು ನೀಲಿ ಹಾಕಿ ಒಗೆದ ಪಂಚೆಯ ಹಾಗೆ, ಉಳಿದ ಮೈ ಹಾಲಿನ ಕೆನೆಯ ಹಾಗೆ. ಎರಡನೇ ಸಲ ದುಡ್ಡು ಕೊಟ್ಟು ಬಳಿಸಬೇಕಾಯಿತು. ಆಮೇಲೂ ಎಷ್ಟೋ ಜನ ಇದೇ ತಪ್ಪು ಮಾಡುವುದನ್ನು ನೋಡಿದ್ದೇನೆ. ಹಳೇ ಕಾರು ಕೊಳ್ಳುವವರೂ ಅಷ್ಟೇ, ಹೊಳಪು ನೋಡಿ ‘ಕಂಪನಿ ಪೇಂಟ್’ ಎಂದು ನಂಬಿಬಿಡುತ್ತಾರೆ.

ಮೊದಲು ಆರ್‌ಸಿ ತೆಗೆಯಿರಿ. ಶಿವಮೊಗ್ಗದ ಕೆಎ-14 ಇರಲಿ, ಸಾಗರದ ಕೆಎ-15 ಇರಲಿ, ಬಣ್ಣದ ಹೆಸರು ಅದರಲ್ಲಿರುತ್ತದೆ. ಇಡೀ ಕಾರಿನ ಬಣ್ಣ ಬದಲಿಸಿದರೆ ಆರ್‌ಟಿಒದಲ್ಲಿ ದಾಖಲಿಸಬೇಕು. ಆರ್‌ಸಿಯಲ್ಲಿ ಕೆಂಪು ಇದ್ದು ಎದುರಿಗೆ ಬಿಳಿ ಕಾರು ನಿಂತಿದ್ದರೆ ವ್ಯಾಪಾರ ಅಲ್ಲಿಗೇ ನಿಲ್ಲಿಸಿ, ಕಾಗದಪತ್ರ ಕೇಳಿ. ಆದರೆ ಪೇಂಟ್ ಕಲಸಲು ಆರ್‌ಸಿ ಸಾಲದು. ಬರೀ ‘ಸಿಲ್ವರ್’ ಎಂದರೆ ಹತ್ತಾರು ಸಿಲ್ವರ್‌ಗಳಿವೆ.

ಬೇಕಾದದ್ದು ಕಲರ್ ಕೋಡ್. ಮಾರುತಿಯಲ್ಲಿ ಸಾಮಾನ್ಯವಾಗಿ ಬಾನೆಟ್ ಎತ್ತಿದರೆ ಸಿಗುವ ಪ್ಲೇಟಿನಲ್ಲಿರುತ್ತದೆ. ಸಿಲ್ಕಿ ಸಿಲ್ವರ್ ಆದರೆ ಝಡ್‌2ಎಸ್, ಸುಪೀರಿಯರ್ ವೈಟ್ ಆದರೆ 26ಯು. ಟೊಯೋಟಾದಲ್ಲಿ ‘ಸಿ/ಟಿಆರ್’ ಎಂಬ ಅಕ್ಷರಗಳ ಪಕ್ಕದಲ್ಲಿ ನೋಡಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಆದರೆ ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ಹುಡುಕಿ. ಇನ್ನು ಕೆಲವು ಕಾರುಗಳಲ್ಲಿ ಬಾಗಿಲ ಕಂಬದ ಮೇಲಿನ ಸ್ಟಿಕರ್‌ನಲ್ಲಿ. ನಮ್ಮ ಕಡೆ ಇದರ ಮೇಲೆ ಕೆಮ್ಮಣ್ಣು ಕೂತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಥಿನ್ನರ್ ಮುಟ್ಟಿಸಬೇಡಿ, ಅಕ್ಷರವೇ ಹೋಗಿಬಿಡುತ್ತದೆ. ಸ್ಟಿಕರ್ ಕಿತ್ತುಹೋಗಿದ್ದರೆ ಚಾಸಿ ನಂಬರ್ ಹಿಡಿದುಕೊಂಡು ಆ ಕಂಪನಿಯ ಸರ್ವೀಸ್ ಸೆಂಟರ್‌ಗೆ ಹೋಗಿ. 17 ಅಕ್ಷರಗಳ ಆ ನಂಬರಿನಲ್ಲೇ ಬಣ್ಣ ಬರೆದಿರುವುದಿಲ್ಲ, ಅದನ್ನು ಹಾಕಿ ದಾಖಲೆ ತೆಗೆಯಬೇಕು.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಕೋಡ್ ಹೇಳುವುದು ಕಾರ್ಖಾನೆಯಿಂದ ಹೊರಟ ದಿನದ ಬಣ್ಣವನ್ನು. ಈಗ ಮೈಮೇಲಿರುವುದು ಅದೇ ಹೌದೋ ಅಲ್ಲವೋ ಎಂದು ತಾಳೆ ನೋಡುವುದೇ ನಿಜವಾದ ಕೆಲಸ. ಅದಕ್ಕೆ ಬಿಸಿಲು, ಮಳೆ, ಪಾಲಿಶ್ ಯಾವುದೂ ಮುಟ್ಟದ ಜಾಗ ಬೇಕು.

ಡ್ರೈವರ್ ಬಾಗಿಲು ತೆರೆದು ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಮೂಲೆಯಿಂದ ಒಂದು ಗೇಣು ಮೆಲ್ಲಗೆ ಎಳೆಯಿರಿ, ಕೈಯಲ್ಲೇ ಬರುತ್ತದೆ. ಮಲೆನಾಡಿನ ಕಾರಾದರೆ ಅಂಚಿನಲ್ಲಿ ಹಸಿರು ಪಾಚಿ, ಅದರ ಕೆಳಗೆ ಕೆಂಪು ಧೂಳಿನ ಗೆರೆ. ಒರೆಸಿದರೆ ಬೆರಳಗಲದ ಪಟ್ಟಿಯೊಂದು ಕಾಣುತ್ತದೆ. ಕಾರಿನ ಹುಟ್ಟು ಬಣ್ಣ ಅದು. ಹೊರಗಿನ ಬಣ್ಣ ಬೇರೆಯಾಗಿದ್ದು, ಎರಡೂ ಸೇರುವಲ್ಲಿ ಉಗುರಿಗೆ ಸಣ್ಣ ಮೆಟ್ಟಿಲು ತಾಗಿದರೆ ಅದು ಪೇಂಟ್ ತಾಗದಂತೆ ಅಂಟಿಸುವ ಮಾಸ್ಕಿಂಗ್ ಟೇಪಿನ ಅಂಚು, ಅಂದರೆ ಮರುಪೇಂಟ್. ರಬ್ಬರಿನ ಮೇಲೇ ಬಣ್ಣದ ಹನಿ ಇದ್ದರಂತೂ ಅನುಮಾನವೇ ಬೇಡ. ನೋಡಿದ ಮೇಲೆ ಬೀಡಿಂಗನ್ನು ಒತ್ತಿ ಕೂರಿಸಿ. ಸಡಿಲ ಬಿಟ್ಟರೆ ಆಗುಂಬೆ ಘಾಟಿ ದಾಟುವುದರೊಳಗೆ ಮ್ಯಾಟ್ ನೆನೆದಿರುತ್ತದೆ.

ಡಿಕ್ಕಿಯ ಕಾರ್ಪೆಟ್ ಎತ್ತಿಯೂ ನೋಡಿ. ಬಾನೆಟ್ ಒಳಗೆ ಮಾತ್ರ ಎಚ್ಚರ. ಎಷ್ಟೋ ಕಾರುಗಳಲ್ಲಿ ಅಲ್ಲಿ ಕಂಪನಿಯವರೇ ತೆಳುವಾಗಿ, ಹೊಳಪು ಕೊಡುವ ಪಾರದರ್ಶಕ ಮೇಲ್ಪದರ (ಕ್ಲಿಯರ್ ಕೋಟ್) ಇಲ್ಲದೆ ಬಳಿದಿರುತ್ತಾರೆ. ಮಂಕಾಗಿದೆ ಎಂದು ಬೇರೆ ಬಣ್ಣ ಅಂದುಕೊಳ್ಳಬೇಡಿ. ಅಲ್ಲಿ ನೋಡಬೇಕಾದದ್ದು ಫೆಂಡರ್, ಅಂದರೆ ಮುಂಚಕ್ರದ ಮೇಲಿನ ತಗಡಿನ ಬೋಲ್ಟುಗಳನ್ನು. ತಲೆಯ ಮೂಲೆಗಳಲ್ಲಿ ಪೇಂಟ್ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ, ಫೆಂಡರ್ ಬಿಚ್ಚಿದ್ದಾರೆ. ಬಂಪರ್ ನೋಡಿ ಬಣ್ಣ ತೀರ್ಮಾನಿಸಲೇಬೇಡಿ. ಅದು ಪ್ಲಾಸ್ಟಿಕ್, ಬೇರೆಯಾಗಿಯೇ ಪೇಂಟ್ ಆಗಿರುತ್ತದೆ.

ಇನ್ನೂ ಅನುಮಾನವೇ? ಬಿಳಿ ಬಟ್ಟೆಗೆ ಒಂದು ಹನಿ ಥಿನ್ನರ್ ಹಾಕಿ ಕಾಣದ ಮೂಲೆಯಲ್ಲಿ ಉಜ್ಜಿ. ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿಯಲ್ಲಿ ಬೇಯಿಸಿದ ಬಣ್ಣ ಕರಗುವುದಿಲ್ಲ. ರಬ್ಬರ್, ಪ್ಲಾಸ್ಟಿಕ್ ಕೂಡಿಸಿದ ಕಾರನ್ನು ಗ್ಯಾರೇಜಿನವರು ಅಷ್ಟು ಕಾಯಿಸಲಾರರು. ಬಟ್ಟೆಗೆ ಬಣ್ಣ ಬಂದರೆ ಅಗ್ಗದ ಮರುಪೇಂಟ್. ಬರಲಿಲ್ಲ ಎಂದಮಾತ್ರಕ್ಕೆ ಅಸಲಿ ಅನ್ನಬೇಡಿ, ಒಳ್ಳೆಯ ಪಿಯು (ಪಾಲಿಯುರೆಥೇನ್) ಪೇಂಟೂ ಜಗ್ಗುವುದಿಲ್ಲ.

ಪೇಂಟಿನ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಂಪನಿ ಪೇಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. ಒಂದು ಬಾಗಿಲು ಮಾತ್ರ 300 ತೋರಿಸಿದರೆ ಮೇಲೆ ಬಳಿದಿದ್ದಾರೆ, 500 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ.

ಪೇಂಟ್ ಕಲಸಿಸಲು ಹೋಗುವಾಗ ಕೋಡಿನ ಜೊತೆ ಪೆಟ್ರೋಲ್ ಟ್ಯಾಂಕಿನ ಬಣ್ಣ ಬಳಿದ ಹೊರಮುಚ್ಚಳವನ್ನೂ ಬಿಚ್ಚಿ ಒಯ್ಯಿರಿ. ಆದರೆ ಅದು ಬೀಡಿಂಗ್ ಅಡಿಯ ಬಣ್ಣಕ್ಕೆ ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅಂಗಡಿಯಲ್ಲಿ ಬರೀ ‘ಸಿಲ್ವರ್’ ಎಂದು ಮಾರುವ ಸ್ಪ್ರೇ ಡಬ್ಬಿ ಬೇಡವೇ ಬೇಡ. ಒಂದೇ ಕೋಡಿನಲ್ಲೂ ಛಾಯೆ ವ್ಯತ್ಯಾಸ ಇರುತ್ತದೆ, ಹತ್ತು ವರ್ಷದ ಬಿಸಿಲು ತಿಂದ ಮೈ ಇನ್ನೂ ದೂರ ಹೋಗಿರುತ್ತದೆ. ಹಾಗಾಗಿ ಕಾರಿಗೆ ಗನ್ ಹಿಡಿಯುವ ಮುಂಚೆ ಒಂದು ತಗಡಿನ ತುಂಡಿಗೆ ಬಣ್ಣ ಹೊಡೆದು, ಮೇಲೆ ಕ್ಲಿಯರ್ ಹಾಕಿ ಒಣಗಿಸಿ ಕೊಡಲು ಹೇಳಿ. ಪೇಂಟರ್ ಗೊಣಗಿದರೂ ಬಿಡಬೇಡಿ. ತೊಳೆದು ಒಣಗಿದ ಕಾರನ್ನು ಬೆಳಿಗ್ಗೆ ಹತ್ತರ ಹೊತ್ತಿಗೆ ನೆರಳಿನಲ್ಲಿ ನಿಲ್ಲಿಸಿ, ತುಂಡನ್ನು ಪೇಂಟ್ ಆಗಬೇಕಾದ ಭಾಗದ ಪಕ್ಕದ ತಗಡಿಗೆ ಹಿಡಿದು ಎದುರಿನಿಂದ, ಎರಡೂ ಕಡೆ ಓರೆಯಾಗಿ ನೋಡಿ. ಮೆಟಾಲಿಕ್ ಆದರೆ ಎದುರಿಗೆ ಸರಿಯಿದ್ದು ಓರೆಯಲ್ಲಿ ಕಪ್ಪಾಗಬಹುದು. ಮೂರೂ ಕಡೆಯಿಂದ ಹೊಂದಿದರೆ ‘ಹೊಡೀರಿ’ ಅನ್ನಿ, ಇಲ್ಲದಿದ್ದರೆ ಮತ್ತೆ ಕಲಸಲು ಹೇಳಿ.