ಡೇರೆಗಿಂತ ಮೊದಲು ರೊಟ್ಟಿ ಡಬ್ಬಿ

ಧಾರವಾಡದಿಂದ ಹೊರಟು ಶಿರಸಿ, ಯಾಣ, ಗೋಕರ್ಣ ನೋಡಿಕೊಂಡು ಬರಲು ಮೂರು ರಾತ್ರಿ ಸಾಕು. ನಮ್ಮ ಮನೆಯವರೆಲ್ಲ ಒಂದೇ ಗಾಡಿಯಲ್ಲಿ, ರಾತ್ರಿ ಡೇರೆಯಲ್ಲಿ ತಂಗುತ್ತ, ಐದಾರು ಸಲ ಹೋಗಿ ಬಂದಿದ್ದೇವೆ. ಪೆಟ್ರೋಲಿನ ಲೆಕ್ಕ ಮೊದಲೇ ಹಾಕಬಹುದು, ಮಕ್ಕಳ ಹಸಿವಿನ ಲೆಕ್ಕ ಹಾಕಲು ಬರುವುದಿಲ್ಲ. ಹೋಟೆಲಿನ ಮುಂದೆ ಗಾಡಿ ನಿಂತಿತೆಂದರೆ ತಿಂಡಿಯ ಜೊತೆಗೆ ಬಾಟಲಿ ನೀರು, ಚಿಪ್ಸ್, ಐಸ್ ಕ್ರೀಮ್ ಎಲ್ಲವೂ ಬಿಲ್ಲಿಗೆ ಸೇರುತ್ತವೆ. ಅದಕ್ಕೇ ನನ್ನ ತಯಾರಿ ರೊಟ್ಟಿ ಹಂಚಿನಿಂದ ಶುರುವಾಗುತ್ತದೆ.

ಹೊರಡುವ ಮೂರು ನಾಲ್ಕು ದಿನ ಮೊದಲು ಜೋಳದ ರೊಟ್ಟಿ ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ತೇವ ಪೂರ್ತಿ ಆರುವವರೆಗೆ ಸುಟ್ಟು ಕಡಕ್ ಮಾಡಿಡಿ. ಘಟ್ಟ ಇಳಿದ ಮೇಲೆ ಕರಾವಳಿಯ ಗಾಳಿಗೆ ಅದು ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಆದ್ದರಿಂದ ಪಂಚೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಉಳ್ಳಾಗಡ್ಡಿ. ಮೊಸರು ಕೊಳ್ಳಬೇಡಿ. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ ಸ್ಟೀಲ್ ಡಬ್ಬಿಯನ್ನು ಗಾಡಿಯಲ್ಲಿಟ್ಟರೆ, ಮಧ್ಯಾಹ್ನದ ಊಟಕ್ಕೆ ಅದೇ ಗಟ್ಟಿ ಮೊಸರಾಗಿರುತ್ತದೆ.

ರಾತ್ರಿಯ ಊಟಕ್ಕೆ ಎರಡು ಪಾಲು ಅಕ್ಕಿ, ಒಂದು ಪಾಲು ಹೆಸರುಬೇಳೆಯನ್ನು ಬೆಚ್ಚಗೆ ಹುರಿದು ಆರಿಸಿ, ಉಪ್ಪು, ಅರಿಸಿನ, ಜೀರಿಗೆ ಬೆರೆಸಿ, ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ ಕಟ್ಟಿಡಿ. ಸಣ್ಣ ಗ್ಯಾಸ್ ಒಲೆ, ಮೂರು ಲೀಟರ್ ಕುಕ್ಕರ್, ಒಂದು ಚಮಚ ತುಪ್ಪ ಇದ್ದರೆ ಖಿಚಡಿ ತಯಾರು. ಒಲೆಯನ್ನು ಡೇರೆಯ ಒಳಗೆ ಮಾತ್ರ ಹಚ್ಚಬೇಡಿ, ಮಳೆ ಬಂದರೂ ಸರಿ.

ಇನ್ನು ಡೇರೆ ಹಾಕುವ ಜಾಗ. ಕಾಡಿನಲ್ಲಿ ಅನುಮತಿ ಇಲ್ಲದೆ ತಂಗುವಂತಿಲ್ಲ. ಹೊಳೆಯ ದಡದ ಮರಳು ಎಷ್ಟೇ ಚೆಂದ ಕಂಡರೂ ಬೇಡ, ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗಿನವರಿಗೆ ತಿಳಿಯುವುದೇ ಇಲ್ಲ. ಶಿರಸಿಯ ಕಡೆ ತೋಟದ ಮನೆಯವರನ್ನು ಹಗಲಿರುವಾಗಲೇ ಕೇಳಿ. ಆದರೆ ಚಳಿಗಾಲದಲ್ಲಿ ಅವರ ಅಂಗಳದ ತುಂಬ ಅಡಿಕೆ ಹರವಿರುತ್ತದೆ, ಅಂಗಳ ಕೇಳಿ ಅವರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ. ಕೊಟ್ಟಿಗೆಯ ಪಕ್ಕದ ಮೂಲೆ ಸಾಕು. ದುಡ್ಡು ಕೊಡಹೋದರೆ ಕೆಲವರು ಬೇಸರಪಡುತ್ತಾರೆ. ನಾನು ಧಾರವಾಡ ಪೇಡಾದ ಪೊಟ್ಟಣ ಒಯ್ಯುತ್ತೇನೆ. ಒಮ್ಮೆ ಅದಕ್ಕೆ ಬದಲಾಗಿ ಬಾಳೆಗೊನೆಯೇ ಸಿಕ್ಕಿತು, ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು!

ಡೇರೆಯ ಕೆಳಗೆ ಹಾಸುವ ತಾಡಪಾಲಿನ ಅಂಚು ಹೊರಗೆ ಚಾಚಿರಬಾರದು, ಒಳಕ್ಕೆ ಮಡಚಿ. ಇಲ್ಲವಾದರೆ ಮಳೆನೀರು ಅದರ ಮೇಲೆ ಬಿದ್ದು ಹಾಸಿಗೆಯ ಕೆಳಗೇ ಹರಿಯುತ್ತದೆ. ನೆಲದ ಥಂಡಿಗೆ ಮೇಲಿನ ಹೊದಿಕೆಗಿಂತ ಕೆಳಗಿನ ಕೌದಿಯೇ ಮುಖ್ಯ. ಮಳೆಗಾಲ ಮುಗಿದ ಹೊಸದರಲ್ಲಿ ಹೋದರೆ ಉಂಬಳಕ್ಕೆ (ಕಾಡಿನ ಜಿಗಣೆಗೆ) ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ.

ಮೊಮ್ಮಕ್ಕಳ ಕೈಗೆ ಹೊರಡುವಾಗಲೇ ತಲಾ ನೂರು ರೂಪಾಯಿ ಕೊಟ್ಟುಬಿಡುತ್ತೇನೆ. ತಮ್ಮ ದುಡ್ಡೆಂದಾಗ ಗೋಕರ್ಣದ ಅಂಗಡಿ ಸಾಲಿನಲ್ಲಿ ಅವರು ಮಾಡುವ ಚೌಕಾಸಿ ನನಗೂ ಬರುವುದಿಲ್ಲ.

ಮನೆಗೆ ಬಂದ ದಿನವೇ ಡೇರೆಯನ್ನು ಮಾಳಿಗೆಯ ಮೇಲೆ ಹರವಿ ಒಣಗಿಸಿ. ನಾನು ದಣಿವೆಂದು ಹಾಗೆಯೇ ಮಡಚಿಟ್ಟ ಮೊದಲ ಡೇರೆ ಬೂಷ್ಟು ಹಿಡಿಯಿತು. ಅದು ಈಗ ನಮ್ಮ ಸ್ಕೂಟರಿನ ಹೊದಿಕೆ.