ಶ್ರೀರಂಗಪಟ್ಟಣ ನೋಡಬೇಕಾ? ರೈಲಿಳಿದು ನಡೆಯಿರಿ

ಮೈಸೂರಿನಿಂದ ಮಂಡ್ಯಕ್ಕೆ ನಾನು 9 ವರ್ಷ ದಿನಾ ರೈಲಿನಲ್ಲಿ ಓಡಾಡಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಿಟಕಿಯಲ್ಲಿ ಕೋಟೆ ಗೋಡೆ ಹಾದುಹೋಗುತ್ತಿತ್ತು. ಒಂದು ದಿನವೂ ಇಳಿದವನಲ್ಲ. ಊರಿಗೆ ವರ್ಗವಾದ ಮೇಲೆ ಇಳಿದೆ ನೋಡಿ! ಈಗ ಮನೆಗೆ ನೆಂಟರು ಬಂದರೆ ಪಟ್ಟಣ ತೋರಿಸುವ ಕೆಲಸ ನನ್ನದೇ.

ಬಸ್ಸಿನಲ್ಲಿ ಬಂದವರು ದೇವಸ್ಥಾನ, ಗುಂಬಜ್, ಸಂಗಮ ಅಂತ ಅರ್ಧ ದಿನದಲ್ಲಿ ಮುಗಿಸಿ ಹೊರಡುತ್ತಾರೆ. ನೀವು ಬೆಳಿಗ್ಗೆಯ ಪ್ಯಾಸೆಂಜರ್ ರೈಲು ಹಿಡಿಯಿರಿ. ಹಳೇ ಚಪ್ಪಲಿಯೇ ಇರಲಿ. ಹೊಸದು ಹಾಕಿಕೊಂಡು ಹೋಗಿ ಉಂಗುಷ್ಠ ಕಿತ್ತುಬಂದು, ಅರ್ಧ ಕೋಟೆಯನ್ನು ಬರಿಗಾಲಲ್ಲಿ ಸುತ್ತಿದ ಅನುಭವ ನನಗಿದೆ.

ಸ್ಟೇಷನ್ನಿನಿಂದ ಎಲ್ಲರೂ ದೇವಸ್ಥಾನದ ಕಡೆ ಹೋಗುತ್ತಾರೆ. ನೀವು ಮೊದಲು ಕೋಟೆಯ ಪಶ್ಚಿಮದ ತುದಿಗೆ ಹೋಗಿ. ಅಲ್ಲಿ 1907ರಲ್ಲಿ ನಿಲ್ಲಿಸಿದ ಕಲ್ಲಿನ ಸ್ತಂಭವಿದೆ. ಇಂಗ್ಲಿಷರ ಫಿರಂಗಿಗಳು ಗೋಡೆ ಒಡೆದದ್ದು ಇಲ್ಲೇ. 1799ರ ಮೇ 4, ಮಧ್ಯಾಹ್ನ ಸುಮಾರು 1 ಗಂಟೆಗೆ ಸೈನಿಕರು ಹೊಳೆಗೆ ಇಳಿದರು. ಮೇ ತಿಂಗಳೇ ಯಾಕೆ? ಕೊಡಗಿನಲ್ಲಿ ಮಳೆ ಹಿಡಿದರೆ ಕಾವೇರಿ ತುಂಬಿ ಹರಿಯುತ್ತಾಳೆ, ಆಮೇಲೆ ದಾಟೋಕೆ ಆಗಲ್ಲ. ಬೇಸಿಗೆಯಲ್ಲಿ ಅಲ್ಲಿ ನಿಂತರೆ ಬಂಡೆಗಳ ನಡುವೆ ತೆಳ್ಳಗೆ ಹರಿಯುವ ನೀರು ಕಾಣುತ್ತದೆ. 1610ರಲ್ಲಿ ರಾಜ ಒಡೆಯರು ಬಂದಾಗಿನಿಂದ ರಾಜಧಾನಿಯಾಗಿದ್ದ ಊರು ಅವತ್ತೊಂದೇ ಮಧ್ಯಾಹ್ನದಲ್ಲಿ ಬಿತ್ತು. ಈಗ ಮೇಲೆ ಕನ್ನಂಬಾಡಿ ಕಟ್ಟೆ ಇದೆ. ನೀರು ಬಿಟ್ಟ ದಿನ ಹೋದರೆ ನಾನು ಹೇಳಿದ್ದು ಸುಳ್ಳು ಅನ್ನಿಸಬಹುದು.

ಆ ದಾಳಿಯ ಮುಂದಾಳು ಡೇವಿಡ್ ಬೇರ್ಡ್. ಈ ಹೆಸರು ನೆನಪಿರಲಿ. 1780ರಲ್ಲಿ ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನ ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪು ಸೈನ್ಯದ ಕೈಗೆ ಸಿಕ್ಕು, ಇದೇ ಪಟ್ಟಣದಲ್ಲಿ 3 ವರ್ಷಕ್ಕೂ ಜಾಸ್ತಿ ಕಾಲ ಸೆರೆಯಲ್ಲಿದ್ದವನು ಇವನು.

ಇನ್ನು ರಂಗನಾಥನ ದರ್ಶನ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅಷ್ಟರೊಳಗೆ ಮುಗಿಸಿಕೊಳ್ಳಿ. ಹತ್ತಿರದ ನರಸಿಂಹ ದೇವಸ್ಥಾನವನ್ನು ಬಿಡಬೇಡಿ. ಅದನ್ನು ಕಟ್ಟಿಸಿದ ರಣಧೀರ ಕಂಠೀರವರ ಮೂರ್ತಿ ಅಲ್ಲೇ ಇದೆ. ಜನ ಕಡಿಮೆ, ನೆರಳು ಜಾಸ್ತಿ.

ಅಲ್ಲಿಂದ ಉತ್ತರಕ್ಕೆ, ಹೊಳೆ ಕಡೆಯ ಗೋಡೆಗೆ ಬಂದರೆ ಕರ್ನಲ್ ಬೈಲಿ ಬಂದೀಖಾನೆ. ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಪಡೆ ನಡೆಸಿ, ಬೇರ್ಡ್ ಜೊತೆಗೇ ಸೆರೆಯಾಗಿದ್ದ ಬೈಲಿ 1782ರಲ್ಲಿ ಪಟ್ಟಣದಲ್ಲೇ ತೀರಿಕೊಂಡ. ಮೆಟ್ಟಿಲಿಳಿದರೆ ಕಮಾನುಗಳ ತಂಪು ಸಾಲು. ಗೋಡೆಯಿಂದ ಚಾಚಿಕೊಂಡ ಕಲ್ಲುಗಳಲ್ಲಿ ಸರಪಳಿ ಹಾಕುವ ತೂತುಗಳು. ಒಂದು ಕಲ್ಲಿನ ಪಕ್ಕ ನಿಂತು ಕೈ ಚಾಚಿ ನೋಡಿ, ಎರಡು ನಿಮಿಷಕ್ಕೇ ಭುಜ ಸೋಲುತ್ತದೆ. 1799ರ ಯುದ್ಧದಲ್ಲಿ ಚಾವಣಿ ಒಡೆದುಕೊಂಡು ಬಿದ್ದ ಫಿರಂಗಿಯೊಂದು ಇನ್ನೂ ಅಲ್ಲೇ ಇದೆ. ಮಕ್ಕಳು ಅದರ ಮೇಲೆ ಹತ್ತಿ ಕೂರುತ್ತಾರೆ, ನನ್ನ ತಂಗಿ ಮಗನೂ ಕೂತಿದ್ದಾನೆ.

ಟಿಪ್ಪುವಿನ ಶವ ಸಿಕ್ಕ ಜಾಗದಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ, ಅಷ್ಟೇ. ಮುಂದೆ ಎರಡು ಮಿನಾರಿನ ಮಸೀದಿ ಸಿಗುತ್ತದೆ. ಅದರ ಹತ್ತಿರದ ಬಾಗಿಲಿನಿಂದ ಕೋಟೆ ಹೊರಗೆ ಬನ್ನಿ. ಊಟ ಮಾಡಿ, ಸ್ವಲ್ಪ ಹೊತ್ತು ಸುಮ್ನೆ ಕೂತಿರಿ. ಆ ಬಿಸಿಲಿನಲ್ಲಿ ಶೂರತನ ಬೇಡ.

ಮಧ್ಯಾಹ್ನಕ್ಕೆ ದರಿಯಾ ದೌಲತ್. 1784ರ ತೇಗದ ಮನೆ. ಬಣ್ಣ ಮಾಸಬಾರದು ಅಂತ ಸುತ್ತ ಪರದೆ ಇಳಿಬಿಟ್ಟಿರುತ್ತಾರೆ, ಒಳಗೆ ಹೋದಮೇಲೆ ಕಣ್ಣು ಹೊಂದಿಕೊಳ್ಳಲು ಬಿಡಿ. ಪಶ್ಚಿಮದ ಗೋಡೆ ತುಂಬ ಪೊಳ್ಳಿಲೂರಿನ ಯುದ್ಧ. ಆನೆ, ಕುದುರೆ, ಸಾಲು ಸಾಲು ಸಿಪಾಯಿಗಳ ನಡುವೆ ಸ್ಫೋಟಿಸುತ್ತಿರುವ ಮದ್ದಿನ ಬಂಡಿ ಹುಡುಕಿ. ಅದರ ಹತ್ತಿರ ಪಲ್ಲಕ್ಕಿಯೊಳಗೆ ಒಬ್ಬ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಬೈಲಿ ಅವನೇ. ಬೆಳಿಗ್ಗೆ ಬಂದೀಖಾನೆ ನೋಡದೆ ಬಂದವರಿಗೆ ಅವನು ನೂರರಲ್ಲಿ ಒಬ್ಬ. ನಿಮಗೆ ಹಾಗಲ್ಲ, ಅಲ್ವಾ?

ಇಲ್ಲಿಂದ ಗುಂಬಜ್‌ಗೆ ಗಂಜಾಂ ಮೇಲೆ ಸುಮಾರು 2 ಕಿಲೋಮೀಟರ್. ಕಾಲು ಸೋತಿದ್ದರೆ ಆಟೋ ಹತ್ತಿ, ದರ ಮೊದಲೇ ಮಾತಾಡಿಕೊಳ್ಳಿ. ಹೈದರ್, ಟಿಪ್ಪು, ಟಿಪ್ಪುವಿನ ತಾಯಿ, ಮೂವರ ಸಮಾಧಿಯೂ ಅಲ್ಲಿದೆ. ಸುತ್ತಲಿನ ಕರಿಕಲ್ಲಿನ ಕಂಬಗಳನ್ನು ಮುಟ್ಟಿ ನೋಡಿ, ಗಾಜಿನ ಹಾಗೆ ನುಣುಪು.

ಸಂಗಮದಲ್ಲಿ ಕಾಲು ಇಳಿಬಿಟ್ಟು ಕೂರಿ, ಈಜಲು ಹೋಗಬೇಡಿ, ಸೆಳೆತ ಇದೆ. ವಾಪಸ್ ಸ್ಟೇಷನ್ ದೂರ. ಕತ್ತಲಾದಮೇಲೆ ಅಲ್ಲಿ ಆಟೋ ಸಿಗುವುದು ಕಷ್ಟ, ಬೆಳಕಿರುವಾಗಲೇ ಹೊರಡಿ.